ಒಂಬತ್ತನೆಯ ಸದಸ್ಯನ ಎಂಟು ದಿನ

ನಾನು ಜೀವಮಾನದಲ್ಲಿ ಒಂದೇ ಒಂದು ಸಲ, ಒಟ್ಟು ಎಂಟು ದಿನ, ದೊಡ್ಡ ಮನುಷ್ಯನಾಗಿದ್ದೆ. ಅದಕ್ಕೆ ಹಿಂದೆಯೂ ಮುಂದೆಯೂ ನಾನು ಒಂದು ಸರ್ಕಾರಿ ಕಚೇರಿಯ ಎರಡನೇ ದರ್ಜೆ ಗುಮಾಸ್ತನೇ. ದೊಡ್ಡ ಮನುಷ್ಯನಾಗುವುದು ಕಷ್ಟವಲ್ಲ ಎಂಬುದು ನನ್ನ ಅನುಭವ. ಯಾರಾದರೂ ಇಬ್ಬರು ನಮ್ಮ ಮನೆಗೆ ಬಂದು, ಚಪ್ಪಲಿ ಬಿಟ್ಟು, ನಮ್ಮ ಅಭಿಪ್ರಾಯ ಕೇಳಿದರೆ ಸಾಕು, ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ದನಿ ತಾನಾಗಿ ದಪ್ಪಗಾಗುತ್ತದೆ. ಕಷ್ಟವಿರುವುದು ಅಲ್ಲಿಂದ ಕೆಳಗಿಳಿಯುವಾಗ. ಇಳಿಯಲು ಯಾರೂ ಏಣಿ ಕೊಡುವುದಿಲ್ಲ.

ಅದು ಅರವತ್ತೇಳರ ಮಹಾಚುನಾವಣೆ ಮುಗಿದ ಬೇಸಿಗೆ. ಉತ್ತರದ ರಾಜ್ಯಗಳಲ್ಲಿ ಯಾವ ಪಕ್ಷಕ್ಕೂ ಬಹುಮತ ಬಾರದೆ, ಒಬ್ಬರ ಮುಖ ಒಬ್ಬರು ನೋಡದವರೆಲ್ಲ ಸೇರಿ ಸಮ್ಮಿಶ್ರ ಸರ್ಕಾರ ಮಾಡುತ್ತಿದ್ದ ಸುದ್ದಿ ದಿನಾ ಪತ್ರಿಕೆಯಲ್ಲಿ ಬರುತ್ತಿತ್ತು. ಸಣ್ಣ ಗುಂಪಿನವನೊಬ್ಬ ಎರಡು ದೊಡ್ಡ ಗುಂಪುಗಳ ನಡುವೆ ಕುಳಿತು ಮುಖ್ಯಮಂತ್ರಿಯೇ ಆಗಿಬಿಡಬಹುದು ಎಂಬ ವಿಷಯ ನನ್ನನ್ನು ಬಹಳ ಆಕರ್ಷಿಸಿತ್ತು. ಕಚೇರಿಯಲ್ಲಿ ಊಟದ ಹೊತ್ತಿಗೆ ಡಬ್ಬಿ ಬಿಚ್ಚುತ್ತ ನಾನು ಇದರ ಮೇಲೆ ಉಪನ್ಯಾಸ ಕೊಡುತ್ತಿದ್ದೆ. ಪಕ್ಕದ ಮೇಜಿನ ಶಾಮಣ್ಣ ನನ್ನ ಏಕೈಕ ಶ್ರೋತೃ. ಅವನು ಕೇಳುತ್ತಿದ್ದದ್ದು ನನ್ನ ಡಬ್ಬಿಯ ಉಪ್ಪಿನಕಾಯಿಗಾಗಿ ಎಂದು ನನಗೆ ಗೊತ್ತಾದದ್ದು ಮಾವಿನಕಾಯಿ ಮುಗಿದ ಮೇಲೆ.

ಆಗ ನಾವು ಜಯನಗರದ ಕೊನೆಯ ಅಡ್ಡರಸ್ತೆಯಲ್ಲಿದ್ದೆವು. ಕೊನೆ ಎಂದರೆ ನಿಜವಾದ ಕೊನೆ; ನಮ್ಮ ಮನೆಯ ಹಿತ್ತಿಲು ದಾಟಿದರೆ ಮಾರೇನಹಳ್ಳಿಯ ಕಡೆಯ ರಾಗಿ ಹೊಲ. ಬಸ್ಸು ಇಳಿದು ಮುಕ್ಕಾಲು ಮೈಲಿ ನಡೆಯಬೇಕು. ಎಲ್ಲಕ್ಕಿಂತ ದೊಡ್ಡ ತಾಪತ್ರಯ ನೀರಿನದು. ಮೇಲಿನ ರಸ್ತೆಗಳ ಮನೆಗಳಿಗೆ ನಲ್ಲಿ ಇತ್ತು, ಬೆಳಿಗ್ಗೆ ನೂಲಿನಂತೆ ನೀರು ಬರುತ್ತಿತ್ತು. ನಮ್ಮ ಅಡ್ಡರಸ್ತೆಗೆ ಕೊಳಾಯಿಯೇ ಇರಲಿಲ್ಲ. ನನ್ನ ಹೆಂಡತಿ ಕಮಲ ಬೆಳಿಗ್ಗೆ, ಸಾಯಂಕಾಲ ಎರಡು ಫರ್ಲಾಂಗು ನಡೆದು, ಪಿಳ್ಳಪ್ಪನವರ ತೋಟದ ಬಾವಿಯಿಂದ ಸೊಂಟದ ಮೇಲೊಂದು ಕೈಯಲ್ಲೊಂದು ಹಿತ್ತಾಳೆ ಬಿಂದಿಗೆ ಹೊತ್ತು ತರುತ್ತಿದ್ದಳು. ನಾನು ಆ ಹೊತ್ತಿಗೆ ಪತ್ರಿಕೆಯಲ್ಲಿ ದೇಶದ ಸಮಸ್ಯೆಗಳನ್ನು ಓದುತ್ತಿದ್ದೆ.

ನಮ್ಮ ಬಡಾವಣೆಗೆ ಒಂದು ಕ್ಷೇಮಾಭಿವೃದ್ಧಿ ಸಂಘವಿತ್ತು. ಅದರಲ್ಲಿ ಎರಡು ಬಣ. ಒಂದಕ್ಕೆ ನಿವೃತ್ತ ಅಮಲ್ದಾರ್ ರಾಘವೇಂದ್ರರಾಯರು ನಾಯಕರು. ಮನೆಯಲ್ಲಿ ಮೊಸರನ್ನ ಉಣ್ಣುವಾಗಲೂ ದರಬಾರಿನಲ್ಲಿರುವಂತೆ ಕಾಣುತ್ತಿದ್ದ ಮನುಷ್ಯ. ಇನ್ನೊಂದಕ್ಕೆ ಪಿಳ್ಳಪ್ಪನವರು. ಬಡಾವಣೆ ಬರುವ ಮೊದಲು ನಾವೆಲ್ಲ ಮನೆ ಕಟ್ಟಿಕೊಂಡ ನೆಲದಲ್ಲಿ ರಾಗಿ ಬೆಳೆಯುತ್ತಿದ್ದವರು ಅವರೇ. ‘ನಿಮ್ಮ ಅಡುಗೆಮನೆ ಇರೋ ಕಡೆ ಅವರೆ ಬಲು ಚೆನ್ನಾಗಿ ಬರ್ತಿತ್ತು ಸ್ವಾಮಿ’ ಎಂದು ಅವರು ಹೇಳಿದರೆ ನಮ್ಮದೇ ಮನೆಯಲ್ಲಿ ನಾವು ನೆಂಟರಂತೆ ಆಗಿಬಿಡುತ್ತಿದ್ದೆವು. ಆ ವರ್ಷ ಕಾರ್ಪೊರೇಷನ್ನಿನವರು ನಮ್ಮ ಕಡೆಗೆ ಒಂದೇ ಒಂದು ಬೀದಿ ನಲ್ಲಿ ಮಂಜೂರು ಮಾಡಿ, ಎಲ್ಲಿ ಬೇಕೆಂದು ಸಂಘವೇ ತಿಳಿಸಲಿ ಎಂದಿದ್ದರು. ರಾಯರ ಬಣಕ್ಕೆ ಅದು ವಾಚನಾಲಯದ ಪಕ್ಕ ಬೇಕು, ಪಿಳ್ಳಪ್ಪನವರ ಬಣಕ್ಕೆ ಆಂಜನೇಯನ ಗುಡಿಯ ಎದುರು. ಎರಡೂ ನಮ್ಮ ಮನೆಗೆ ದೂರ. ಇದನ್ನು ತೀರ್ಮಾನಿಸಲೆಂದೇ ಆ ಸಲದ ಸಂಘದ ಚುನಾವಣೆ ಅಷ್ಟು ಬಿರುಸಾಯಿತು.

ಒಂಬತ್ತು ಸ್ಥಾನ. ನಾನೂ ನಿಂತಿದ್ದೆ. ಏಕೆ ನಿಂತೆ ಎಂದರೆ, ನಿಲ್ಲುತ್ತೀರಾ ಎಂದು ಒಬ್ಬರು ಕೇಳಿದರು, ನಾನು ತಲೆ ಆಡಿಸಿದೆ. ಯಾರು ಏನು ಕೇಳಿದರೂ ತಲೆ ಆಡಿಸುವುದು ನನ್ನ ಹುಟ್ಟುಗುಣ. ಮತ ಕೇಳುವಾಗ ರಾಯರ ಕಡೆಯವರಿಗೂ ತಲೆ ಆಡಿಸಿದ್ದೆ, ಪಿಳ್ಳಪ್ಪನವರ ಕಡೆಯವರಿಗೂ ಆಡಿಸಿದ್ದೆ. ಇಬ್ಬರೂ ನನ್ನನ್ನು ತಮ್ಮವನೆಂದೇ ತಿಳಿದು ಅಷ್ಟಿಷ್ಟು ಮತ ಹಾಕಿದರು. ಭಾನುವಾರ ಮಧ್ಯಾಹ್ನ ಪ್ರಾಥಮಿಕ ಶಾಲೆಯಲ್ಲಿ ಚೀಟಿ ಎಣಿಸಿದಾಗ ರಾಯರಿಗೆ ನಾಲ್ಕು, ಪಿಳ್ಳಪ್ಪನವರಿಗೆ ನಾಲ್ಕು, ಒಂಬತ್ತನೆಯವನು ನಾನು. ಯಾರ ಕಡೆ ಎಂದು ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಪದಾಧಿಕಾರಿಗಳ ಆಯ್ಕೆ ಮುಂದಿನ ಭಾನುವಾರ.

ಮನೆಗೆ ಬಂದು ಹೇಳಿದಾಗ ಕಮಲ ಅಕ್ಕಿ ಆರಿಸುತ್ತಿದ್ದಳು. ಕೇಳಿ, ಮೊರ ಪಕ್ಕಕ್ಕಿಟ್ಟು, ಹಾಗಾದರೆ ನೀವು ಯಾರ ಕಡೆ ಕೈ ಎತ್ತಿದರೆ ಅವರದ್ದೇ ಆಗುತ್ತದೆಯೇ ಎಂದು ವಿಚಾರಿಸಿದಳು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಹೌದು ಎಂದೆ.

‘ಹಂಗಾದ್ರೆ ಒಂದೇ ಮಾತು ಕೇಳಿ. ನಲ್ಲಿ ನಮ್ಮ ಅಡ್ಡರಸ್ತೇಲಿ ಹಾಕಿಸ್ತೀವಿ ಅಂದೋರ ಕಡೆ ಕೈ ಎತ್ತಿ. ಇನ್ನೇನೂ ಬೇಡ.’

ಈಗ ಯೋಚಿಸಿದರೆ, ಸಂಧಾನದ ಬಗ್ಗೆ ಇದಕ್ಕಿಂತ ಬುದ್ಧಿವಂತಿಕೆಯ ಮಾತನ್ನು ನಾನು ಆಮೇಲೆ ಯಾವ ಪತ್ರಿಕೆಯಲ್ಲೂ ಓದಲಿಲ್ಲ. ಆದರೆ ಆವತ್ತು ನನಗೆ ನಗು ಬಂತು. ರಾಜಕೀಯ ಎಂದರೆ ಬರೀ ನೀರಲ್ಲ, ಅದಕ್ಕೆ ತತ್ತ್ವ ಬೇಕು, ಕಾರ್ಯಕ್ರಮ ಬೇಕು ಎಂದು ತಿಳಿಹೇಳಿದೆ. ಅವಳು ಮೊರ ಎತ್ತಿಕೊಂಡಳು.

ಸೋಮವಾರ ಸಾಯಂಕಾಲ ರಾಯರು ಖುದ್ದಾಗಿ ಬಂದರು. ನಮ್ಮ ಮನೆಯಲ್ಲಿ ಕೈ ಇರುವ ಕುರ್ಚಿ ಒಂದೇ. ಅದರಲ್ಲಿ ಕುಳಿತು ನನ್ನ ಕಚೇರಿ, ನನ್ನ ಆರೋಗ್ಯ, ನನ್ನ ತಂದೆಯ ಊರು ಎಲ್ಲವನ್ನೂ ವಿಚಾರಿಸಿ, ಕಾರ್ಯದರ್ಶಿ ಸ್ಥಾನಕ್ಕೆ ನನ್ನಂಥ ವಿದ್ಯಾವಂತ ಬೇಕಾಗಿದ್ದಾನೆ ಎಂದರು. ಮಂಗಳವಾರ ಪಿಳ್ಳಪ್ಪನವರು ಒಂದು ಕುಂಬಳಕಾಯಿ ಹೊರಿಸಿಕೊಂಡು ಬಂದರು. ಕುರ್ಚಿ ತೋರಿಸಿದರೂ ಜಗಲಿಯ ಮೇಲೇ ಕುಳಿತು, ಉಪಾಧ್ಯಕ್ಷರಾಗಿ ಸ್ವಾಮಿ ಎಂದರು. ಬುಧವಾರ ರಾಯರ ಕಡೆಯ ಮೂವರು, ಗುರುವಾರ ಪಿಳ್ಳಪ್ಪನವರ ಕಡೆಯ ನಾಲ್ವರು. ಎಲ್ಲರಿಗೂ ಕಾಫಿ. ಕಾಫಿಗೆ ಮೊದಲು ಕೈಕಾಲು ತೊಳೆಯಲು ನೀರು, ಆಮೇಲೆ ಲೋಟ ತೊಳೆಯಲು ನೀರು. ನನ್ನ ನಡಿಗೆ ನನಗೇ ಗೊತ್ತಿಲ್ಲದಂತೆ ಬದಲಾಯಿತು. ಬಸ್ಸಿನಲ್ಲಿ ಎದ್ದು ಜಾಗ ಕೊಡದವರನ್ನು ಕಂಡರೆ ಇವರಿಗೆ ವಿಷಯ ತಿಳಿದಿಲ್ಲ ಎಂದು ಕ್ಷಮಿಸುತ್ತಿದ್ದೆ.

ಶಾಮಣ್ಣನ ಸಲಹೆ ಕೇಳಿದೆ. ಇಬ್ಬರಿಗೂ ಹೂಂ ಅನ್ನಬೇಡ, ಊಹೂಂ ಅಂತಲೂ ಅನ್ನಬೇಡ, ಷರತ್ತು ಹಾಕು ಎಂದ. ಕಾರ್ಯದರ್ಶಿ, ಉಪಾಧ್ಯಕ್ಷ ಎಲ್ಲ ಯಾಕೆ, ಅಧ್ಯಕ್ಷನೇ ಆಗಬಹುದಲ್ಲ ಎಂದು ಹೊಳೆದದ್ದು ಮಾತ್ರ ನನ್ನ ಸ್ವಂತ ಬುದ್ಧಿಗೆ. ಶುಕ್ರವಾರ ಬೆಳಿಗ್ಗೆ ಒಂದು ಫೂಲ್‌ಸ್ಕೇಪ್ ಹಾಳೆಯ ಮೇಲೆ ಹನ್ನೆರಡು ಷರತ್ತುಗಳನ್ನು ಬರೆದೆ. ಎರಡು ಪ್ರತಿ ಬೇಕಾಗಿತ್ತು. ಕಚೇರಿಯಿಂದ ತಂದ ಕಾರ್ಬನ್ ಕಾಗದವಿತ್ತು. ಹಾಗಾಗಿ ಎರಡು ಸಲ ಬರೆಯುವ ಶ್ರಮ ತಪ್ಪಿತು.

ಕಮಲ ಆಗಷ್ಟೇ ಬಾವಿಯಿಂದ ಬಂದು, ಬಿಂದಿಗೆ ಇಳಿಸಿ, ಉಸಿರು ಸುಧಾರಿಸಿಕೊಳ್ಳುತ್ತ ನನ್ನ ಹಿಂದೆ ನಿಂತು ಓದಿದಳು. ಮೊದಲನೆಯದು ಅಧ್ಯಕ್ಷ ಪದವಿ ನನಗೆ. ಎರಡನೆಯದು ಸಭೆಯಲ್ಲಿ ಅಧ್ಯಕ್ಷರಿಗೆ ಪ್ರತ್ಯೇಕ ಕುರ್ಚಿ. ಮೂರನೆಯದು ಸಂಘದ ಕಾಗದಗಳ ಮೇಲೆ ಅಧ್ಯಕ್ಷರ ಹೆಸರನ್ನು ಅಚ್ಚು ಹಾಕಿಸುವುದು.

‘ನಲ್ಲಿ ಹನ್ನೊಂದನೇದಾ?’ ಎಂದಳು.

ಅನುಕ್ರಮಕ್ಕೆ ಅರ್ಥವಿಲ್ಲ, ಹನ್ನೆರಡಕ್ಕೂ ಸಮಾನ ಮಹತ್ವ ಎಂದು ವಿವರಿಸಲು ಹೋದೆ.

‘ಈ ವಾರ ಬಂದೋರಿಗೆಲ್ಲಾ ಕಾಫಿ ಕೊಟ್ಟೆನಲ್ಲ, ಅದಕ್ಕೆ ದಿನಾ ಎರಡೆರಡು ಬಿಂದಿಗೆ ಜಾಸ್ತಿ ಹೊತ್ತಿದೀನಿ. ನೀವು ದೊಡ್ಡೋರಾಗಿದ್ದಕ್ಕೆ ನನಗೆ ಆಗಿದ್ದು ಅದೊಂದೇ’ ಎಂದು ಅವಳು ಒಳಗೆ ಹೋದಳು. ಸಿಟ್ಟಿನ ದನಿಯಲ್ಲ. ಸಿಟ್ಟಿನದಾಗಿದ್ದರೆ ನಾನೂ ಸಿಟ್ಟಾಗಿ ಪಾರಾಗುತ್ತಿದ್ದೆ. ಹೊಸ್ತಿಲು ದಾಟುವಾಗ ಅವಳು ಸೊಂಟವನ್ನು ಅಂಗೈಯಿಂದ ಒತ್ತಿ ಹಿಡಿದದ್ದು ಕಂಡಿತು. ಮನಸ್ಸಿಗೆ ಚುಚ್ಚಿತು. ಆ ಹನ್ನೊಂದನೆಯದನ್ನು ಮೊದಲನೆಯದು ಮಾಡೋಣ ಎಂದು ನಿಜವಾಗಿಯೂ ಒಂದು ಕ್ಷಣ ಯೋಚಿಸಿದೆ. ಆದರೆ ಹಾಳೆ ಚಿತ್ತಾಗುತ್ತಿತ್ತು. ಅಧ್ಯಕ್ಷನಾಗುವವನು ಚಿತ್ತು ಮಾಡಿದ ಹಾಳೆ ಕಳಿಸುವುದೇ? ಆವತ್ತೇ ಕಚೇರಿಗೆ ಹೋಗುವ ದಾರಿಯಲ್ಲಿ ಎರಡೂ ಮನೆಗೆ ಮುಟ್ಟಿಸಿದೆ. ಶನಿವಾರ ಯಾರೂ ಬರಲಿಲ್ಲ. ಅವರು ಯೋಚಿಸುತ್ತಿದ್ದಾರೆ ಎಂದುಕೊಂಡೆ.

ಅವರು ಯೋಚಿಸುತ್ತಿರಲಿಲ್ಲ, ನಗುತ್ತಿದ್ದರು. ನಡೆದದ್ದನ್ನು ಆಮೇಲೆ ಪಿಳ್ಳಪ್ಪನವರೇ ನನಗೆ ಹೇಳಿದರು. ರಾಯರ ಕೈಗೆ ಸಿಕ್ಕಿದ್ದು ನೀಲಿ ಅಕ್ಷರದ ಕಾರ್ಬನ್ ಪ್ರತಿ. ಮೂವತ್ತು ವರ್ಷ ಸರ್ಕಾರಿ ಕಾಗದ ನೋಡಿದ ಅಮಲ್ದಾರರಿಗೆ ನಕಲು ಬಂದರೆ ಸುಮ್ಮನಿರಲಾದೀತೇ? ತಮಗೆ ನಕಲಾದರೆ ಅಸಲು ಯಾರಿಗೆ ಹೋಯಿತು ಎಂದು ತಿಳಿಯಲು, ಎರಡು ವರ್ಷ ಮಾತು ಬಿಟ್ಟಿದ್ದ ಪಿಳ್ಳಪ್ಪನವರ ಮನೆಗೆ ಅವರೇ ನಡೆದು ಹೋದರು. ಪಿಳ್ಳಪ್ಪನವರು ತಮ್ಮ ಹಾಳೆ ತಂದು ಪಕ್ಕದಲ್ಲಿಟ್ಟರು. ಇಬ್ಬರೂ ಒಂದೊಂದೇ ಷರತ್ತು ಓದಿಕೊಂಡು, ಪ್ರತ್ಯೇಕ ಕುರ್ಚಿಯ ಹತ್ತಿರ ಬರುವಷ್ಟರಲ್ಲಿ ಎರಡು ವರ್ಷದ ಮುನಿಸು ಕರಗಿತ್ತಂತೆ. ಮೊದಲ ವರ್ಷ ರಾಯರು, ಎರಡನೆಯ ವರ್ಷ ಪಿಳ್ಳಪ್ಪನವರು ಎಂದು ಅಲ್ಲಿಯೇ ಒಪ್ಪಂದವಾಯಿತು. ಆ ಬಡಾವಣೆಯಲ್ಲಿ ಐಕ್ಯ ತಂದವನು ನಾನು. ಆ ಶ್ರೇಯಸ್ಸನ್ನು ಮಾತ್ರ ಯಾರೂ ನನ್ನಿಂದ ಕಸಿಯಲಾರರು.

ಇದಾವುದೂ ತಿಳಿಯದ ನಾನು ಭಾನುವಾರ ಮದುವೆಯ ಕೋಟು ಹಾಕಿಕೊಂಡು, ಜೇಬಿನಲ್ಲಿ ನಾಲ್ಕು ಪುಟದ ಅಧ್ಯಕ್ಷ ಭಾಷಣ ಇಟ್ಟುಕೊಂಡು ಶಾಲೆಗೆ ಹೋದೆ. ಒಂದನೇ ತರಗತಿ ಮಕ್ಕಳ ಬೆಂಚು. ಕುಳಿತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಪಿಳ್ಳಪ್ಪನವರು ಎದ್ದು ರಾಯರ ಹೆಸರು ಸೂಚಿಸಿದರು. ನಾನು ಇದು ಏನೋ ತಮಾಷೆ ಎಂದುಕೊಂಡು ಸುತ್ತ ನೋಡುವಷ್ಟರಲ್ಲಿ ಎಂಟು ಕೈಗಳು ಮೇಲಿದ್ದವು. ಕಾರ್ಯದರ್ಶಿ, ಖಜಾಂಚಿ, ಉಪಾಧ್ಯಕ್ಷ ಎಲ್ಲವೂ ಐದು ನಿಮಿಷದಲ್ಲಿ ಮುಗಿಯಿತು. ನನ್ನ ಹೆಸರನ್ನು ಯಾರೂ ಎತ್ತಲಿಲ್ಲ. ಯಾರೂ ನನ್ನನ್ನು ಬೈಯಲೂ ಇಲ್ಲ, ಅದೇ ಹೆಚ್ಚು ನೋವು.

ಮುಖ ಬಿಸಿಯಾಯಿತು. ಕೋಟಿನೊಳಗೆ ಬೆವರು. ಆಗ ನನಗೆ ಒಂದು ಹೊಸ ಪಾತ್ರ ಹೊಳೆಯಿತು. ಎಲ್ಲರೂ ಒಂದಾದ ಮೇಲೆ ಉಳಿದವನು ವಿರೋಧ ಪಕ್ಷ. ಪ್ರಜಾಪ್ರಭುತ್ವಕ್ಕೆ ಅದೂ ಬೇಕು. ಅಧ್ಯಕ್ಷ ಭಾಷಣದ ಹಿಂಬದಿಯಲ್ಲೇ ಖಂಡನಾ ಭಾಷಣ ಬರೆಯತೊಡಗಿದೆ. ವಾಚನಾಲಯಕ್ಕೆ ಗಡಿಯಾರ ತರಬೇಕೆಂದರು, ವಿರೋಧಿಸಿದೆ. ಸಭೆಗಳನ್ನು ತಿಂಗಳ ಮೊದಲ ಭಾನುವಾರ ನಡೆಸೋಣ ಎಂದರು, ಅದನ್ನೂ ವಿರೋಧಿಸಿದೆ. ಮೂರನೆಯ ವಿಷಯಕ್ಕೆ ಬಂದಾಗ ನಾನು ‘ಅವಕಾಶವಾದ’ ಎಂಬ ಶಬ್ದಕ್ಕಿಂತ ಖಾರವಾದದ್ದನ್ನು ಹುಡುಕುತ್ತಿದ್ದೆ. ರಾಯರು ಏನೋ ಓದಿದರು, ಪಿಳ್ಳಪ್ಪನವರು ತಮ್ಮ ಮನೆಯಲ್ಲಿ ಹೆಂಗಸರೂ ಹಾಗೇ ಹೇಳುತ್ತಿದ್ದಾರೆ ಎಂದೇನೋ ಅಂದರು. ವಿರೋಧ ಇರುವವರು ಎಂಬ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ತಲೆ ಎತ್ತದೆ ಕೈ ಎತ್ತಿದೆ.

ಆಮೇಲೆ ನೋಡಿದರೆ ಎಲ್ಲರೂ ನನ್ನ ಕಡೆಗೇ ತಿರುಗಿದ್ದರು. ನನ್ನ ಧೈರ್ಯಕ್ಕೆ ಬೆರಗಾಗಿದ್ದಾರೆ ಎಂದುಕೊಂಡೆ.

‘ಮೂರ್ತಿ, ವಿಷಯ ಕೇಳಿಸ್ಕೊಂಡು ತಾನೆ ಕೈ ಎತ್ತಿದ್ದು?’ ಎಂದು ರಾಯರು ಮೆಲ್ಲಗೆ ಕೇಳಿದರು.

‘ಕೇಳಿಸ್ಕೊಂಡೇ ಸಾರ್. ದಯವಿಟ್ಟು ನಡಾವಳೀಲಿ ಬರ್ಕೊಳ್ಳಿ’ ಎಂದೆ. ಬರೆದುಕೊಂಡರು.

ಸಭೆ ಮುಗಿದು ಹೊರಗೆ ಬಂದಾಗ ಪಿಳ್ಳಪ್ಪನವರು ನನ್ನ ಹೆಗಲ ಮೇಲೆ ಕೈ ಇಟ್ಟರು. ವಾಚನಾಲಯದ ಹತ್ತಿರ ಎಂದರೆ ತಮ್ಮವರು ಒಪ್ಪುವುದಿಲ್ಲ, ಗುಡಿಯ ಎದುರು ಎಂದರೆ ರಾಯರವರು ಒಪ್ಪುವುದಿಲ್ಲ, ಕೂಡಿದ ಮರುದಿನವೇ ಒಡೆಯುವ ಹಾಗಾಗಿತ್ತು ಎಂದು ವಿವರಿಸಿದರು. ಇಬ್ಬರದೂ ಅಲ್ಲದ ಜಾಗ ಬೇಕಾಗಿತ್ತು. ನನ್ನ ಹೆಂಡತಿ ಬಾವಿಯ ಹತ್ತಿರ ಅವರ ಹೆಂಡತಿಯೊಡನೆ ದಿನಾ ಅದೇ ಮಾತಾಡುತ್ತಿದ್ದಳಂತೆ. ನಮ್ಮ ಅಡ್ಡರಸ್ತೆಯ ಆರು ಮನೆಯ ಹೆಂಗಸರನ್ನು ಕರೆದುಕೊಂಡು ಹೋಗಿ ರಾಯರ ಹೆಂಡತಿಗೂ ಹೇಳಿ ಬಂದಿದ್ದಳಂತೆ.

‘ನಲ್ಲಿ ನಿಮ್ಮ ಮನೆ ಮುಂದಕ್ಕೇ ಬಂತು ಸ್ವಾಮಿ. ಎಂಟು ಜನ ಹೂಂ ಅಂದ್ವಿ. ನೀವ್ಯಾಕೆ ಬೇಡ ಅಂದ್ರಿ ಅನ್ನೋದೇ ನಮಗೆ ತಿಳೀಲಿಲ್ಲ’ ಎಂದರು. ಅವರ ದನಿಯಲ್ಲಿ ಕುಚೋದ್ಯವಿರಲಿಲ್ಲ, ನಿಜವಾದ ಕಳಕಳಿಯಿತ್ತು. ನಾನು ತಲೆ ಆಡಿಸಿದೆ.

ಮನೆಗೆ ಬಂದು ಕೋಟು ಬಿಚ್ಚುತ್ತ, ನಲ್ಲಿ ನಮಗೇ ಆಯಿತು ಎಂದು ಆದಷ್ಟು ಸಾಧಾರಣವಾಗಿ ಹೇಳಿದೆ. ಕಮಲ ಗೋಡೆಗೆ ಒರಗಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಎಲ್ಲರೂ ಒಪ್ಪಿದರೇ ಎಂದು ಕೇಳಿದಳು. ಒಬ್ಬರನ್ನು ಬಿಟ್ಟು ಎಂದೆ. ಯಾರು ಆ ಪುಣ್ಯಾತ್ಮ ಎಂದಳು. ಹಿಂದಿನ ಬೆಂಚಿನಲ್ಲಿದ್ದರು, ಸರಿಯಾಗಿ ಕಾಣಲಿಲ್ಲ ಎಂದೆ. ಮೂರು ದಿನ ಅವಳು ನೆರೆಮನೆಯವರೊಡನೆ ಸೇರಿ ಆ ಅಜ್ಞಾತ ವ್ಯಕ್ತಿಯನ್ನು ಮನಸಾರೆ ಬೈದಳು. ನಾನೂ ಒಂದೆರಡು ಮಾತು ಸೇರಿಸಿದೆ. ನಾಲ್ಕನೆಯ ದಿನ ನಡಾವಳಿಯ ಪ್ರತಿಯನ್ನು, ಎಲ್ಲ ಹೆಸರುಗಳ ಸಮೇತ, ವಾಚನಾಲಯದ ಬಾಗಿಲಿಗೆ ಅಂಟಿಸಿದರು.

ಅವಳು ಓದಿಕೊಂಡು ಬಂದಳು. ಏನೂ ಅನ್ನಲಿಲ್ಲ. ಅನ್ನಲಿ ಎಂದು ನಾನು ಎರಡು ತಿಂಗಳು ಕಾದೆ. ನಲ್ಲಿ ಹಾಕಿಸಿ ಮೊದಲ ನೀರು ಬಂದ ಬೆಳಿಗ್ಗೆ ನಾನು ಪತ್ರಿಕೆ ಬಿಡಿಸಿಕೊಂಡು ಕುಳಿತಿದ್ದೆ. ಅವಳು ಎರಡೂ ಬಿಂದಿಗೆಗಳನ್ನು ತಂದು ನನ್ನ ಪಾದದ ಹತ್ತಿರ ಇಟ್ಟಳು.

‘ಏನೋ ಒಂದು ಪದವಿ ಬೇಕು ಅಂತಿದ್ರಲ್ಲ, ಈ ಖಾತೆ ನಿಮಗಿರಲಿ’ ಎಂದಳು.

ಮನೆಯೊಳಗೆ ಕೊಳಾಯಿ ಬರುವವರೆಗೆ ಆರು ವರ್ಷ ನಾನು ಆ ಖಾತೆಯನ್ನು ನಿರ್ವಹಿಸಿದೆ. ಅಷ್ಟರಲ್ಲಿ ಉತ್ತರದ ಆ ಸಮ್ಮಿಶ್ರ ಸರ್ಕಾರಗಳೆಲ್ಲ ಬಿದ್ದವು, ನಮ್ಮ ಸಂಘದ ಅಧ್ಯಕ್ಷರು ಮೂರು ಸಲ ಬದಲಾದರು. ಬೀಳದೆ, ಬದಲಾಗದೆ, ಒಂದು ದಿನದ ರಜೆಯೂ ಇಲ್ಲದೆ ಅಧಿಕಾರದಲ್ಲಿ ಉಳಿದವನು ನಾನೊಬ್ಬನೇ. ಎಷ್ಟೋ ಸಲ ರಾಜೀನಾಮೆ ಕೊಟ್ಟೆ, ಅಂಗೀಕಾರವಾಗಲಿಲ್ಲ.