ಕಾರಿನಿಂದ ಇಳಿಯದ ಮದುಮಗ

ಮದುವೆಯ ದಿನ ಬೆಳಿಗ್ಗೆ ಅಫಜಲಪುರದಲ್ಲಿ ನದೀಮನ ಮನೆಯ ಮುಂದೆ ಬಂದು ನಿಂತ ಹಳೇ ಕಾರಿಗೆ ಹೂವಿನ ಜಾಲರಿ ಇತ್ತು, ಕಿವಿ ಹರಿಯುವಂಥ ಹಾರ್ನ್ ಇತ್ತು, ಮೇಲೆ ಛತ್ತು ಮಾತ್ರ ಇರಲಿಲ್ಲ. ಒಳಗೆ ಬಗ್ಗಿ ನೋಡಿದ ನದೀಮನಿಗೆ ಸೀಟ್ ಬೆಲ್ಟೂ ಕಾಣಲಿಲ್ಲ.

ನದೀಮ ಬಸ್ ಸ್ಟ್ಯಾಂಡ್ ಎದುರಿನ ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡುವವ. ಗಾಡಿಯಿಂದ ಬಿದ್ದವರು ಮೊದಲು ಬರುವುದೇ ಅಲ್ಲಿಗೆ. ಮೊಣಕಾಲು ತರಚಿದವರು, ಗದ್ದ ಹರಿದವರು, ಉದುರಿದ ಹಲ್ಲನ್ನು ಅಂಗೈಯಲ್ಲಿ ಹಿಡಿದುಕೊಂಡು ಬಂದವರು, ಎಲ್ಲರಿಗೂ ಹತ್ತಿ, ಪಟ್ಟಿ, ಟಿಂಚರ್ ಕೊಟ್ಟು ಕೊಟ್ಟು ಅವನ ಮೈಗೆ ಒಂದು ನಡುಕ ಕಾಯಮ್ಮಾಗಿ ಸೇರಿಕೊಂಡಿತ್ತು. ಆಟೋದಲ್ಲಿ ಎರಡೂ ಕೈಯಿಂದ ಕಂಬಿ ಹಿಡಿದೇ ಕೂಡುತ್ತಿದ್ದ. ಕಾರಿನಲ್ಲಾದರೆ ಹಿಂದಿನ ಸೀಟಿಗೂ ಬೆಲ್ಟು ಬೇಕು. ಅಂಥವನು ಹುಡುಗಿಯ ಊರು ಸೊನ್ನದವರೆಗೆ ಹೋಗಬೇಕು, ಅದೂ ಛತ್ತಿಲ್ಲದ ಗಾಡಿಯಲ್ಲಿ!

ಇದು ಅಕ್ಕನ ಗಂಡ ಜುಬೇರನ ಕಿತಾಪತಿ. ಸೊನ್ನದ ಮಂದಿ ಬಾಯಿ ತೆರೆದುಕೊಂಡು ನೋಡಬೇಕು ಅಂತ ಸೊಲ್ಲಾಪುರದಿಂದ ಬಾಡಿಗೆಗೆ ಗೊತ್ತು ಮಾಡಿದ್ದ. ಮಾಲಕ ಮಿಲಿಂದನೇ ಓಡಿಸಿಕೊಂಡು ಬಂದಿದ್ದ. ಬೇರೆ ಗಾಡಿ ತರಿಸೋಣ ಎಂದು ನದೀಮ ಹೇಳಿದ್ದಕ್ಕೆ ಇಡೀ ಓಣಿ ನಕ್ಕಿತು. ಶೇರವಾನಿಯ ಮೇಲೆ ಬೆಲ್ಟು ಬಿಗಿದರೆ ಸಂತೆಗೆ ಒಯ್ಯುವ ಹೋತದಂತೆ ಕಾಣುತ್ತೀ ಎಂದು ಪಕ್ಕದ ಮನೆಯ ಕರೀಮಸಾಬ ಚಾಷ್ಟಿ ಮಾಡಿದ. ತಾಯಿ ಮೆಹರಾಜಬೇಗಂ ಒಬ್ಬಳೇ ನಗಲಿಲ್ಲ. ಮಗನ ಮುಖ ಸುಣ್ಣದ ಹಾಗೆ ಬೆಳ್ಳಗಾದದ್ದು ನೋಡಿ, ಏನಾದರೂ ಮಾಡು ಎಂದು ಅಳಿಯನಿಗೆ ಹೇಳಿದಳು.

ಜುಬೇರ ಕಾರನ್ನು ರೇವಣಪ್ಪನ ಗ್ಯಾರೇಜಿಗೆ ಒಯ್ದ. ಗುಜರಿಗೆ ಬಿದ್ದಿದ್ದ ಜೀಪಿನ ಬೆಲ್ಟೊಂದನ್ನು ಬಿಚ್ಚಿ ರೇವಣಪ್ಪ ಮುಂದಿನ ಎಡ ಸೀಟಿಗೆ ಬೋಲ್ಟು ಹಾಕಿ ಕೂಡಿಸಿಕೊಟ್ಟ. ನದೀಮನನ್ನು ಕೂಡಿಸಿ, ಹೆಗಲಿಂದ ಸೊಂಟಕ್ಕೆ ಎಳೆದು, ಕಟಕ್ ಅನ್ನಿಸಿದ. ಆ ಸದ್ದು ಕೇಳಿ ನದೀಮನಿಗೆ ಅರ್ಧ ಜೀವ ಬಂತು.

ಊರು ದಾಟುತ್ತಲೇ ಆ ಅರ್ಧವೂ ಹೋಯಿತು. ಮಿಲಿಂದ ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಗುಟಖಾ ಚೀಟಿ ಹಿಡಿದು ಕಾರನ್ನು ಬಿಟ್ಟ. ಗಾಳಿಗೆ, ಮುಖದ ಮುಂದೆ ಇಳಿಬಿಟ್ಟ ಸೆಹರಾದ ಹೂವಿನ ಎಳೆಗಳೆಲ್ಲ ನದೀಮನ ಮೋರೆಗೆ ಸುತ್ತಿಕೊಂಡವು. ಕಣ್ಣಿಗೆ ರಸ್ತೆ ಕಾಣದು, ಕಿವಿಗೆ ಮಾತ್ರ ಎದುರಿಗೆ ಬರುವ ಕಬ್ಬಿನ ಟ್ರ್ಯಾಕ್ಟರುಗಳ ಗುಡುಗುಡು ಕೇಳುತ್ತದೆ. ಒಂದು ತಿರುವಿನಲ್ಲಿ ಅವನ ಪಕ್ಕದ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಕೆಳಗೆ ಡಾಂಬರು ಹೊಳೆಯ ನೀರಿನಂತೆ ಹರಿಯುವುದು ಕಂಡಿತು. ಮಿಲಿಂದ ಕೈ ಚಾಚಿ ಬಾಗಿಲು ಎಳೆದುಕೊಂಡು, ಬಲಕ್ಕೆ ತಿರುಗಿದಾಗಷ್ಟೇ ಹಿಂಗ ಮಾಡ್ತದ, ಕಾಳಜಿ ಮಾಡಬ್ಯಾಡ್ರಿ ಎಂದ. ನದೀಮ ತನಗೆ ಬರುತ್ತಿದ್ದ ದುವಾಗಳನ್ನೆಲ್ಲ ಓದಿ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದ.

ಸೊನ್ನದಲ್ಲಿ ಶಾಮಿಯಾನದ ಮುಂದೆ ಕಾರು ನಿಂತಾಗ ಹುಡುಗಿಯ ಕಡೆಯವರು ಹಾರ ಹಿಡಿದು ಓಡಿಬಂದರು. ನದೀಮ ಗುಂಡಿ ಒತ್ತಿದ. ಬೆಲ್ಟು ಬಿಚ್ಚಲಿಲ್ಲ. ಎರಡೂ ಹೆಬ್ಬೆರಳಿಂದ ಒತ್ತಿದ. ಜುಬೇರ ಬಂದು ಎಳೆದ, ಮಿಲಿಂದ ಗುದ್ದಿದ. ಜೀಪಿನ ಬಕಲ್ಲು ಎಷ್ಟೋ ವರ್ಷದ ಜಂಗು ತಿಂದು ಕಲ್ಲಾಗಿತ್ತು. ಕೆಳಗೆ ನುಸುಳಿ ಪಾರಾಗಲು ನೋಡಿದರೆ ಶೇರವಾನಿ ಕುತ್ತಿಗೆಗೆ ಬಂದು ಉಸಿರು ಕಟ್ಟಿತು. ನೂರು ಮಂದಿಯ ಎದುರು ಹಿಂಗ ಸಿಕ್ಕೇನಿ ಅಂತ ಯಾರಿಗೂ ಹೇಳಬೇಡ ಎಂದು ನದೀಮ ಭಾವನಿಗೆ ಪಿಸುಗುಟ್ಟಿದ.

ಜುಬೇರ ಮರ್ಯಾದೆ ಉಳಿಸುವ ಗಡಿಬಿಡಿಯಲ್ಲಿ, ಮುಂದೆ ಬಂದವರನ್ನು ತಡೆದು ಗಂಭೀರವಾಗಿ ಹೇಳಿದ: "ದುಲ್ಹಾ ಈಗ ಇಳಿಯಂಗಿಲ್ರಿ. ಕಾರಿಂದೊಂದು ಸಣ್ಣ ಮಾತೈತಿ. ಅದು ಮುಗದ ಮ್ಯಾಲ ಇಳೀತಾನ." ಇಷ್ಟು ಹೇಳಿ ಇಕ್ಕಳ ಹುಡುಕಲು ಊರೊಳಗೆ ಹೋದ.

ಆ ಮಾತು ಶಾಮಿಯಾನದ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಅಳಿಯ ಕಾರು ಕೇಳಾಕತ್ತಾನಂತ ಎಂದಾಯಿತು. ಅಡುಗೆಯವರ ಹತ್ತಿರ ತಲುಪುವಾಗ, ಕಾರು ಸಿಗದಿದ್ದರೆ ವಾಪಸ್ ಹೋಗ್ತಾನಂತ ಎಂದೂ ಆಯಿತು. ಹುಡುಗಿ ಸಾಯಿರಾ ಲ್ಯಾಬ್ ಟೆಕ್ನಿಷಿಯನ್. ವರದಕ್ಷಿಣೆಯೆಂದು ಏನಾದರೂ ಕೇಳುವವರ ಮನೆಗೆ ಕಾಲಿಡುವುದಿಲ್ಲ ಎಂದು ಮಾತುಕತೆಯ ದಿನವೇ ಹೇಳಿದ್ದಳು. ಅವಳ ತಂದೆ ಲಾಲಸಾಬ, ಮಗಳ ಕಿವಿಗೆ ಬೀಳುವ ಮೊದಲೇ ಮುಗಿಸಬೇಕೆಂದು ಕಾರಿನ ಹತ್ತಿರ ಬಂದು ಕೈ ಮುಗಿದ.

"ಬೇಟಾ, ಮನಸಿನ್ಯಾಗ ಏನೈತಿ ಹೇಳ್ರಿ."

ಭಯಕ್ಕೆ ಒಣಗಿದ ನದೀಮನ ಬಾಯಿಂದ, ಹೂವಿನ ಪರದೆಯ ಹಿಂದಿನಿಂದ, ಈ ಕಾರು ನನ್ನನ್ನು ಬಿಡುತ್ತಿಲ್ಲ ಮಾವಾ ಎನ್ನುವ ಮಾತು ಹೊರಡಬೇಕಿತ್ತು. ಹೊರಟದ್ದು ಒಂದೇ ಶಬ್ದ. "ಕಾರು..."

ಲಾಲಸಾಬ ತಲೆಯಾಡಿಸಿ, ಮಿಲಿಂದನ ಹೆಗಲ ಮೇಲೆ ಕೈಹಾಕಿ ಶಾಮಿಯಾನದ ಹಿಂದೆ ಕರೆದುಕೊಂಡು ಹೋದ.

ಅಷ್ಟರಲ್ಲಿ ಸುದ್ದಿ ಒಳಮನೆಗೂ ಮುಟ್ಟಿತ್ತು. ಹೆಂಗಸರು ಬೇಡ ಬೇಡ ಎಂದರೂ ಸಾಯಿರಾ ಮೆಹಂದಿಯ ಕೈಯಲ್ಲೇ ಹೊರಗೆ ಬಂದಳು. ಅವಳು ಬರುವ ರೀತಿ ನೋಡಿ ನದೀಮ ಓಡಿಹೋಗಬೇಕೆಂದುಕೊಂಡ, ಬೆಲ್ಟು ಬಿಡಲಿಲ್ಲ. ಸಾಯಿರಾ ಸೆಹರಾ ಎತ್ತಿ ಅವನ ಮುಖ ನೋಡಿದಳು.

"ಕಾರ ಕೊಡಲಿಲ್ಲಂದ್ರ ಇಳಿಯಂಗಿಲ್ಲೇನ್ರಿ?"

ನದೀಮನಿಗೆ ಅಳು ಬಂತು. ಸೊಂಟದ ಬಕಲ್ಲು ತೋರಿಸಿದ. ಸಾಯಿರಾ ಬಗ್ಗಿ ಒತ್ತಿ ನೋಡಿದಳು, ಎಳೆದು ನೋಡಿದಳು. ನದೀಮ ಮೆಡಿಕಲ್ ಅಂಗಡಿ, ಉದುರಿದ ಹಲ್ಲು, ರೇವಣಪ್ಪ, ತೆರೆದುಕೊಂಡ ಬಾಗಿಲು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಕೇಳುತ್ತ ಕೇಳುತ್ತ ಅವಳ ಹುಬ್ಬಿನ ಗಂಟು ಸಡಿಲಿತು. ನಗು ತಡೆಯಲು ತುಟಿ ಕಚ್ಚಿಕೊಂಡು, ಅಡುಗೆಯವರ ದೊಡ್ಡ ಚಾಕು ತರಿಸಿ, ಬೆಲ್ಟನ್ನು ಹೆಗಲಲ್ಲೊಂದು ಸೊಂಟದಲ್ಲೊಂದು ಕಡೆ ಕೊಯ್ದು ಹಾಕಿದಳು. ಇಂಥಾ ಅಂಜುಬುರುಕರು ಏನೂ ಕೇಳೋದಿಲ್ಲ ಎಂದು ಹೆಂಗಸರಿಗೆ ಹೇಳಿ ಒಳಗೆ ಹೋದಳು.

ನಿಕಾಹ ಸಾಂಗವಾಗಿ ಆಯಿತು. ಬಿರಿಯಾನಿ ತಿನ್ನುವಾಗ ನದೀಮನಿಗೆ ಮೈ ಹಗುರಾಗಿತ್ತು. ವಾಪಸ್ ಹೋಗುವಾಗ ತಮ್ಮ ಮಂದಿ ಬಂದಿದ್ದ ಬಾರಾತಿನ ಬಸ್ಸಿನಲ್ಲೇ, ಅದೂ ನಡುವಿನ ಸೀಟಿನಲ್ಲಿ ಕೂಡುವುದೆಂದು ನಿಶ್ಚಯ ಮಾಡಿಕೊಂಡಿದ್ದ.

ಬೀಳ್ಕೊಡುವ ಹೊತ್ತಿಗೆ ಲಾಲಸಾಬ ಎಲ್ಲರ ಎದುರು ಅವನ ಅಂಗೈಯಲ್ಲಿ ಕೀಲಿಯೊಂದನ್ನು ಇಟ್ಟ.

"ನಿಮ್ಮ ಆಸೆ ನಡೆಸೀನ್ರಿ. ಇನ್ನ ಈ ಕಾರ ನಿಮ್ಮದ."

ನದೀಮ ಬೆವೆತ. ಬೇಡ, ವಾಪಸ್ ಮಾಡ್ರಿ ಎಂದು ಬೇಡಿಕೊಂಡ. ಬೆಲ್ಟಿನ ಕತೆ ಮಗಳ ಬಾಯಿಂದ ಕೇಳಿ ಲಾಲಸಾಬನೂ ಪೆಚ್ಚಾದ. ಆದರೆ ಬಹಳ ದಿನದಿಂದ ಗಿರಾಕಿಗಾಗಿ ಕಾಯುತ್ತಿದ್ದ ಮಿಲಿಂದ ರೊಕ್ಕ ಎಣಿಸಿಕೊಂಡು, ಊಟಕ್ಕೂ ನಿಲ್ಲದೆ ಸೊಲ್ಲಾಪುರದ ಬಸ್ಸು ಹಿಡಿದಿದ್ದ. ಅವನ ಫೋನು ಬಂದ್ ಆಗಿತ್ತು.

ಹಾಗಾದರೆ ಓಡಿಸುವವರು ಯಾರು? ನದೀಮನಿಗೆ ಅಲ್ಲಿ ಒಂದು ಆಸೆ ಮಿಣುಕಿತು. ಅವನಿಗೆ ಓಡಿಸಲು ಬರುತ್ತಿರಲಿಲ್ಲ. ಜುಬೇರನಿಗೆ ಬರುತ್ತಿದ್ದುದು ಬೈಕು ಮಾತ್ರ. ಕಾರು ಇಲ್ಲೇ ಇರಲಿ ಎಂದು ಬಾಯಿ ತೆರೆಯುವಷ್ಟರಲ್ಲಿ ಸಾಯಿರಾ ಅವನ ಕೈಯಿಂದ ಕೀಲಿ ತೆಗೆದುಕೊಂಡು, ದುಪಟ್ಟಾ ಸೊಂಟಕ್ಕೆ ಸಿಗಿಸಿ, ಸ್ಟೇರಿಂಗಿನ ಮುಂದೆ ಕೂತಳು. ಲೈಸನ್ಸ್ ಅವಳ ಬ್ಯಾಗಿನಲ್ಲೇ ಇತ್ತು. ಮಂದಿ ಚಪ್ಪಾಳೆ ತಟ್ಟಿ ನದೀಮನನ್ನು ಪಕ್ಕದ ಸೀಟಿಗೆ ಎತ್ತಿ ಹಾಕಿದರು.

ಕಾರು ಧೂಳೆಬ್ಬಿಸಿ ಹಾರಿತು. ನದೀಮ ಒಂದು ಕೈಯಿಂದ ಬಾಗಿಲು, ಇನ್ನೊಂದರಿಂದ ಸೀಟಿನ ಅಂಚು ಹಿಡಿದು ಕಣ್ಣು ಮುಚ್ಚಿದ. ಕಣ್ಣು ಮುಚ್ಚಿಕೊಂಡೇ, ಜರಾ ನಿಧಾನ ಹೋಗ್ರಿ ಎಂದ.

ಸಾಯಿರಾ ಗಾಳಿಗೆ ಮುಖ ಒಡ್ಡಿ ನಕ್ಕಳು. "ಇನ್ನಾ ಎರಡನೇ ಗೇರಿನ್ಯಾಗ ಐತ್ರಿ."