ರಿಂಗು ಹಿಡಿದ ವರನ ಕಾಲು

ಕೈ ಬೆಳೆಸಿದವರು ಕಾಲನ್ನು ಮರೆಯುತ್ತಾರೆ, ಕಾಲು ಬೆಳೆಸಿದವರು ಕೈಯನ್ನು. ಮಹಾರಾಜರ ಕಾಲದಲ್ಲಿ ಡ್ರಿಲ್ ಮೇಷ್ಟರಾಗಿ ಹಾಸನ ಸೀಮೆಯ ಊರೂರು ಸುತ್ತಿದ ನಾನು ಇಂಥವರನ್ನು ಬೇಕಾದಷ್ಟು ಕಂಡಿದ್ದೇನೆ. ಎರಡನ್ನೂ ಸರದಿಯ ಮೇಲೆ ಮರೆತವನು ಮಾತ್ರ ಒಬ್ಬನೇ. ಹೊಳೆನರಸೀಪುರದ ತೆಂಗಿನಕಾಯಿ ಮಂಡಿಯವರ ಮಗ.

ಇಳಿಯುವ ವಿಚಾರ

ಎರಡು ಹಗ್ಗ, ಎರಡು ಕಬ್ಬಿಣದ ಬಳೆ. ಅವನ್ನು ಹಿಡಿದು ನೇತಾಡುತ್ತ ಮೈಯನ್ನು ಮೇಲಕ್ಕೆತ್ತುವುದು; ರಿಂಗು ಎಂದರೆ ಇಷ್ಟೆ. ಹೊಳೆನರಸೀಪುರಕ್ಕೆ ವರ್ಗವಾಗಿ ಬಂದಾಗ ಕಮ್ಮಾರರಿಂದ ಮಾಡಿಸಿ ಊರ ಗರಡಿಯ ತೊಲೆಗೆ ಕಟ್ಟಿದೆ. ಮಂಡಿಯವರ ಮಗ ಅದನ್ನು ಹಿಡಿದವನು ಬಿಡಲಿಲ್ಲ; ಬಸ್ಕಿ ಹೊಡೆಯುವುದನ್ನು ಬಿಟ್ಟ. ಗರಡಿಯ ಉಸ್ತಾದರು ಕೇಳಿದರು:

“ಬಸ್ಕಿ ಯಾಕ್ಲಾ ಬುಟ್ಟೆ?”

ಅವನು ನೇತಾಡುತ್ತಲೇ ಹೇಳಿದ: “ಕಾಲು ದಪ್ಪ ಆದ್ರೆ ತೂಕ ಉಸ್ತಾದ್ರೆ, ಮೈ ಮ್ಯಾಕೇಳಾಕಿಲ್ಲ. ರಿಂಗ್ನಾಗೆ ಕಾಲಿಗೇನು ಕೆಲ್ಸ?”

“ಇಳಿಯೋವಾಗ ಬೇಕಾಯ್ತದೆ ಕಣ್ಲಾ.”

ಅವನು ಕೂಡಲೇ ಇಳಿದ. ಕಾಲು ಮಡಿಸಿಕೊಂಡಿತು. ಗರಡಿಯ ಕೆಂಪು ಮಣ್ಣಿನಲ್ಲಿ ಕುಕ್ಕರಿಸಿ ಕೂತು, “ಇಳಿದ್ನಲ್ಲಾ, ನೋಡಿ” ಎಂದ.

ಹಾಸನದ ಫೋಟೋ

ಅರಕಲಗೂಡಿನ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರ ಮಗಳನ್ನು ಅವನು ಯಾರದೋ ಮದುವೆಯಲ್ಲಿ ನೋಡಿದ್ದ. “ಆದ್ರೆ ಅವ್ಳೆಯಾ, ಇಲ್ದಿದ್ರೆ ರಿಂಗೆಯಾ” ಎಂದು ಮನೆಯಲ್ಲಿ ಹಟ ಹಿಡಿದ. ಹೆಣ್ಣಿನ ಕಡೆಯವರು ಫೋಟೋ ಕಳಿಸಿ ಎಂದರು.

ಹಾಸನಕ್ಕೆ ಕರೆದುಕೊಂಡು ಹೋದೆ. ಫೋಟೋದವರು ಕರೀಬಟ್ಟೆಯೊಳಗೆ ತಲೆ ಹಾಕಿ, ಹೊರಗೆ ತೆಗೆದು, “ಸೊಂಟದ ತನಕ ಸಾಕು” ಎಂದರು.

“ಯಾಕೆ, ಪೂರ್ತಿ ಬರೋದಿಲ್ವೆ?”

“ಬರುತ್ತೆ ಮೇಷ್ಟ್ರೇ. ಆದರೆ ಮೇಲಿರೋದು ಒಬ್ಬರು, ಕೆಳಗಿರೋದು ಇನ್ನೊಬ್ಬರು ಅನ್ನೋ ಹಂಗೆ ಬರುತ್ತೆ.”

ಫೋಟೋ ಅರಕಲಗೂಡು ಸೇರಿದ ವಾರದೊಳಗೆ ಬರಹೇಳಿದರು.

ಕಾಲಿಗೆ ನೀರು

ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಕಾಲಿಗೆ ನೀರು, ಆಮೇಲೆ ಮಾತು. ಅಪ್ಪ, ಮಗ, ನಾನು ಮೂವರೂ ಹೋದೆವು. ಹುಡುಗಿಯ ಅಜ್ಜಿ ಜಗಲಿಯ ಮೇಲೆ ಕೂತು ಎಲೆಅಡಿಕೆ ಅಗಿಯುತ್ತಿದ್ದರು. ಚೊಂಬು ಬಂತು. ನಮ್ಮ ವರ ಪಂಚೆ ಎತ್ತದೆ ಬೆರಳ ತುದಿಗೆ ಮಾತ್ರ ನೀರು ಚಿಮುಕಿಸಿಕೊಂಡ.

“ಪಂಚೆ ನೆನೀತದೆ, ಎತ್ಕಳಪ್ಪ” ಎಂದರು ಅಜ್ಜಿ.

ಎತ್ತಿದ. ಅಜ್ಜಿ ಅಗಿಯುವುದು ನಿಂತಿತು. ಭುಜ ನೋಡಿದರು, ಕಾಲು ನೋಡಿದರು, ಮತ್ತೆ ಭುಜ ನೋಡಿದರು.

“ಇದೇನಪ್ಪಾ, ಕುಂಬ್ಳಕಾಯ್ನ ತಂದು ನುಗ್ಗೇಕಾಯಿ ಮ್ಯಾಲೆ ಮಡಗವ್ರೆ?”

ಆಮೇಲೆ ನನ್ನ ಕಡೆ ತಿರುಗಿದರು. “ಮೇಷ್ಟ್ರೇ, ಯುಗಾದಿ ಕಳೀಲಿ. ಮುಂದ್ಲ ಸಾರಿ ಬರೋವಾಗ ಕಾಲ್ನೂ ಕರ್ಕೊಂಡು ಬನ್ನಿ.”

ಕಾಲು ಬಂದದ್ದು

ಮಾರನೆಯ ಬೆಳಗಿನಿಂದ ಹೇಮಾವತಿಯ ಮರಳಿನಲ್ಲಿ ಓಟ, ಉಸ್ತಾದರ ಮುಂದೆ ಬಸ್ಕಿ. ಒಂದು ದಿನ ಕಾಲು, ಒಂದು ದಿನ ರಿಂಗು ಮಾಡಪ್ಪ ಎಂದು ನಾನು ಹೇಳಿದೆ.

“ಮೈ ಯಾರು ನೋಡ್ತಾರೆ ಸಾ? ನೀರು ಬೀಳೋದು ಕಾಲಿಗಲ್ವಾ?” ಎಂದ. ರಿಂಗಿನಲ್ಲಿ ಜೇಡ ಬಲೆ ಕಟ್ಟಿತು.

ಯುಗಾದಿ ಕಳೆದ ಮೇಲೆ ಅದೇ ಜಗಲಿ, ಅದೇ ಚೊಂಬು. ಚೊಂಬು ಬರುವುದಕ್ಕೆ ಮುಂಚೆಯೇ ಅವನು ಪಂಚೆಯನ್ನು ಮೊಣಕಾಲಿಗೆ ಎತ್ತಿ ನಿಂತಿದ್ದ. ಒರಳುಕಲ್ಲಿನಂಥ ಕಾಲು. “ಕಾಲು ಅಂದ್ರೆ ಇದು” ಎಂದು ಅಜ್ಜಿ ಕಣ್ಣು ಮೇಲೆತ್ತಿದರು. ಅಲ್ಲಿ, ಭುಜವಿದ್ದ ಕಡೆ, ಗೂಟಕ್ಕೆ ನೇತುಹಾಕಿದ ಹಾಗೆ ಅಂಗಿ ಜೋಲುತ್ತಿತ್ತು. ಅಜ್ಜಿ ಒಳಗಿನಿಂದ ಫೋಟೋ ತರಿಸಿದರು.

“ಇವ್ನು ಯಾಕೆ ಬರ್ಲಿಲ್ಲ?”

“ಅವ್ನೇ ಕಣಮ್ಮ ಇವ್ನು” ಎಂದರು ಮಂಡಿಯವರು.

“ಓದ್ಸಾರಿ ಮೈ ಬಂದಿತ್ತು, ಈ ಸಾರಿ ಕಾಲು ಬಂದದೆ. ಇರೋಳು ಒಬ್ಳು ಮೊಮ್ಮಗಳು. ಯಾವುದಕ್ಕೆ ಅಂತ ಕೊಡ್ಲಿ?”

ವರ ಎತ್ತಿ ಹಿಡಿದಿದ್ದ ಪಂಚೆಯನ್ನು ಕೆಳಗೆ ಬಿಟ್ಟ. ಇವನಿಗಿನ್ನು ರಿಂಗೇ ಗತಿ ಎಂದುಕೊಂಡೆ. ಆಗ ಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು:

“ಅಜ್ಜಿ, ಅವ್ರ ಮನೇಲಿ ಬಾವಿ ಐತಾ ಕೇಳು.”

“ಐತೆ, ಬೋ ಆಳ!” ಎಂದು ವರನೇ ಕೂಗಿದ.

“ಅಂಗಾರೆ ಒಪ್ಕೊ.”

ಯಾರಿಗೂ ಅರ್ಥವಾಗಲಿಲ್ಲ. ಆದರೂ ತಾಂಬೂಲ ಬದಲಾಯಿಸಿದರು.

ಬಾವಿ

ನನಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಮದುವೆಯಾಗಿ ವರ್ಷ ಕಳೆದ ಮೇಲೆ ಅವನು ಕಾಯಿ ವ್ಯಾಪಾರಕ್ಕೆ ಬಂದವನು ನನ್ನನ್ನು ನೋಡಲು ಬಂದ. ಭುಜ ಮರಳಿತ್ತು, ಕಾಲೂ ಉಳಿದಿತ್ತು. ಇಷ್ಟು ಸಮನಾದ ಮೈಯನ್ನು ನನ್ನ ಡ್ರಿಲ್ಲಿನಲ್ಲಿ ನಾನು ಕಂಡಿರಲಿಲ್ಲ.

“ರಿಂಗೋ, ಬಸ್ಕಿಯೋ?”

“ಎಲ್ಡೂ ಬುಟ್ಟೆ ಸಾ. ಮನೆ ಇಂದ್ಲ ಇತ್ಲು ದಿಬ್ಬದ ಮ್ಯಾಲೆ ಅವ್ಳು ತೆಂಗಿನ ಸಸಿ ನೆಡ್ಸವ್ಳೆ. ಬಾವೀಲಿ ನೀರು ಸೇದ್ತೀನಿ, ಕೊಡ ಒತ್ಕೊಂಡು ದಿಬ್ಬ ಅತ್ತೀನಿ.”

“ಮೈ ಬಂತಲ್ಲಯ್ಯ. ಇನ್ನು ಸಾಕು ಅನ್ನಬಾರದೆ?”

“ಅಂದೆ ಸಾ. ಅವ್ಳು ಊಂ ಅಂದ್ಲು. ಅಜ್ಜಿ ಒಪ್ಪಬೇಕಲ್ಲ. ಬಂದು ನಮ್ಮನೇಲೇ ಅವ್ರೆ. ಬಾವಿ ಕಟ್ಟೆ ಮ್ಯಾಲೆ ಆ ಹಾಸನದ ಫೋಟೋ ಇಡ್ಕೊಂಡು ಕೂತ್ಕೊತಾರೆ. ಅದ ನೋಡ್ತಾರೆ, ನನ್ನ ನೋಡ್ತಾರೆ, ‘ಇನ್ನೂ ಅವ್ನು ಬಂದಿಲ್ಲ ಕಣಪ್ಪ, ಇನ್ನೊಂದು ಕೊಡ ಸೇದು’ ಅಂತಾರೆ.”