ಮಗ್ಗದ ತಗ್ಗಿನಲ್ಲಿ ಸತ್ತ ನನ್ನ ಎಡಗಾಲು

ಡಾಕ್ಟರು ಹೇಳಿದ್ದನ್ನು ಅಕ್ಷರಶಃ ಪಾಲಿಸುವ ರೋಗಿ ಯಾರಾದರೂ ಇದ್ದರೆ ಅದು ನಾನೇ. ಇಪ್ಪತ್ತಾರು ವರ್ಷ ಸರ್ಕಾರಿ ಸುತ್ತೋಲೆಗಳನ್ನು ಓದಿದ ಗುಮಾಸ್ತನಿಗೆ ಸೊಂಟದ ನಾಲ್ಕು ನಿಯಮ ಯಾವ ಲೆಕ್ಕ?

ನವನಗರದ ಡಾಕ್ಟರು ನನ್ನ ಬೆನ್ನೆಲುಬಿನ ಫೋಟೋ ಬೆಳಕಿಗೆ ಹಿಡಿದು ಹೇಳಿದರು: "ಡಿಸ್ಕ್ ಜಾರೇತ್ರಿ. ಎಡಗಾಲಿನ ನರ ಒತ್ತಾಕ ಹತ್ತೇತಿ. ಬಗ್ಗಬ್ಯಾಡ್ರಿ, ಭಾರ ಎತ್ತಬ್ಯಾಡ್ರಿ, ನೆಲದ ಮ್ಯಾಲ ಕೂಡಬ್ಯಾಡ್ರಿ. ಗುಳಿಗಿಯಿಂದನ ಕಡಿಮಿ ಆಗಬಹುದು. ಆದ್ರ ಕಾಲು ಮರಗಟ್ಟಿದ್ರ ತಡಾ ಮಾಡಬ್ಯಾಡ್ರಿ, ಆಪರೇಶನ್ ವಿಚಾರ ಮಾಡಬೇಕಾಗ್ತೈತಿ."

ಆಪರೇಶನ್! ಮುಂದಿನ ಮಾತು ನನ್ನ ಕಿವಿಗೆ ಬೀಳಲಿಲ್ಲ. ಇಂಜೆಕ್ಷನ್ ಸೂಜಿ ಕಂಡರೇ ಬೆವರುವವನು ನಾನು. ಅಂದಿನಿಂದ ಅರ್ಧ ತಾಸಿಗೊಮ್ಮೆ ಎಡ ಮೊಣಕಾಲಿನ ಮಗ್ಗುಲಲ್ಲಿ ಚಿವುಟಿ ನೋಡತೊಡಗಿದೆ. ನೋವಾದರೆ ಸಮಾಧಾನ! ಬಸ್ಸಿನಲ್ಲಿ, ಕಚೇರಿಯಲ್ಲಿ, ರೊಟ್ಟಿ ಮುರಿಯುವ ನಡುವೆ ಕೂಡ ಸದರಿ ಕಾಲಿನ ತಪಾಸಣೆ ತಪ್ಪಲಿಲ್ಲ.

ಎರಡನೇ ಶನಿವಾರ ನನ್ನ ಹೆಂಡತಿ ಗಂಗವ್ವ ಕುಪ್ಪಸದ ಖಣ ತರಲು ಗುಳೇದಗುಡ್ಡಕ್ಕೆ, ತನ್ನ ಅಣ್ಣ ಈರಣ್ಣನ ಮನೆಗೆ ಹೊರಟಳು. ಜೊತೆಗೆ ನಾನೂ ಹೋದೆ. ಈರಣ್ಣ ನೇಕಾರ, ಮನೆಯೊಳಗೇ ಮಗ್ಗ. ಅವನು ಮಗ್ಗ ಬಿಟ್ಟೆದ್ದು ಪ್ರೀತಿಯಿಂದ ಚಾಪೆ ಹಾಸಿದ. ಆದರೆ ಅದು ನೆಲ! ಇದ್ದ ಒಂದೇ ಕುರ್ಚಿಯ ಮೇಲೆ ನೂಲಿನ ರಾಶಿ.

ಆಗ ಕಣ್ಣಿಗೆ ಬಿತ್ತು ಮಗ್ಗದ ತಗ್ಗು. ನೇಕಾರ ಅದರ ಅಂಚಿಗೆ ಕುಳಿತು, ಮಗ್ಗ ನಡೆಸುವ ಕಟ್ಟಿಗೆ ತುಳಿಯಲೆಂದು ಕಾಲನ್ನು ಒಳಗೆ ಇಳಿಬಿಡುತ್ತಾನೆ. ನೆಲದ ಮೇಲೆ ಕೂಡಬಾರದೆಂಬ ಆದೇಶವಿತ್ತೇ ವಿನಾ, ನೆಲದ ಒಳಗೆ ಕೂಡಬಾರದೆಂದು ಎಲ್ಲಿಯೂ ಉಲ್ಲೇಖವಿರಲಿಲ್ಲ! ಈರಣ್ಣ ಚಹಾಕ್ಕೆ ಹಾಲು ತರಲು ಹೋದದ್ದೇ ತಡ, ಹಲ್ಲು ಕಚ್ಚಿ ಗೋಡೆ ಹಿಡಿದು ಇಳಿದೆ. ಆಹಾ! ಹದಿನೈದು ದಿನದಲ್ಲಿ ಮೊದಲ ಬಾರಿಗೆ ಸೊಂಟ ಸುಮ್ಮನಾಯಿತು. ಅಲ್ಲೇ ಚಹಾ ಕುಡಿದೆ, ಚುರುಮುರಿ ತಿಂದೆ. ತಪಾಸಣೆಯೂ ಮರೆತುಹೋಯಿತು. ಒಂದು ತಾಸು ಕಳೆಯಿತು.

"ಏಳ್ರಿ ಸಾಹೇಬ್ರ, ನಾ ಇನ್ನ ನೇಯಬೇಕು," ಎಂದ ಈರಣ್ಣ.

ಏಳುವ ಮುನ್ನ ಪದ್ಧತಿಯಂತೆ ಚಿವುಟಿದೆ. ನೋವಿಲ್ಲ. ಉಗುರು ಊರಿ ಚಿವುಟಿದೆ. ಏನೂ ಇಲ್ಲ!

"ಗಂಗಾ! ನನ್ನ ಕಾಲು ಹೋತು!"

"ಎಲ್ಲಿ ಹೋಗ್ತೈತ್ರಿ? ತಗ್ಗಿನ್ಯಾಗ ಐತಲ್ಲ!"

ಖರೆ ಹೇಳುತ್ತೇನೆ, ಅಂಜಿಕೆಯಿಂದ ಕಣ್ಣಲ್ಲಿ ನೀರು ಬಂತು. ಈ ಕಾಲಿನ ಮೇಲೆ ಇನ್ನೆಂದೂ ನಿಲ್ಲಲಾರೆ ಅನ್ನಿಸಿತು. ಅಣ್ಣ ಒಂದು ರಟ್ಟೆ, ತಂಗಿ ಒಂದು ರಟ್ಟೆ ಹಿಡಿದು ಎಳೆದರು. ಸತ್ತ ಕಾಲು ತುಳಿಯುವ ಕಟ್ಟಿಗೆಗೆ ಸಿಕ್ಕಿಕೊಂಡಿತು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದಿದ್ದ ಹಾಸಿನ ಎಳೆಗಳು ಪಟಪಟ ಹರಿದವು.

"ಕಾಲು ಹ್ವಾದ್ರ ಹೋಗ್ಲಿ, ನನ್ನ ಹಾಸು!" ಎಂದು ಈರಣ್ಣ ತಲೆಯ ಮೇಲೆ ಕೈ ಹೊತ್ತ.

ಟಂಟಂ ಗಾಡಿಯಲ್ಲಿ ಅಡ್ಡ ಮಲಗಿಸಿ ನನ್ನನ್ನು ನವನಗರಕ್ಕೆ ತಂದರು. ಡಾಕ್ಟರು ಅಂಗಾಲಿಗೆ ಸೂಜಿಯ ಮೊನೆ ತಾಗಿಸಿದರು. ಇಡೀ ದವಾಖಾನೆಗೆ ಕೇಳುವಂತೆ ಚೀರಿದೆ.

"ಕಾಲು ಗಟ್ಟಿ ಐತ್ರಿ. ತಗ್ಗಿನ ಅಂಚು ಒತ್ತಿ ಜೋಮು ಹಿಡಿದಿತ್ತು, ದಾರ್ಯಾಗ ಬಿಟ್ಟೈತಿ," ಎಂದು ನಕ್ಕರು. ನಂತರ ಪಾಯಜಾಮ ಮೇಲೆತ್ತಿ ನೋಡಿದವರು ತಟ್ಟನೆ ಗಂಭೀರರಾದರು. ಮೊಣಕಾಲಿನ ಮಗ್ಗುಲ ತುಂಬ ನೀಲಿ ಕಲೆಗಳು!

"ಇವು ಯಾವಾಗಿಂದ? ರಕ್ತಾ ತಪಾಸ್ ಮಾಡಸಬೇಕಾಗ್ತೈತಿ."

ರೋಗ ರಕ್ತಕ್ಕೂ ಇಳಿಯಿತು!

"ಏನೂ ಬ್ಯಾಡ್ರಿ ಸರ," ಎಂದಳು ಗಂಗವ್ವ. "ಹದಿನೈದು ದಿನದಿಂದ ತಾವ ಚಿವುಟಿಕೊಂಡಾರ."

ಡಾಕ್ಟರು ನನ್ನ ಮುಖ ನೋಡಿದರು, ಉಗುರು ನೋಡಿದರು, ಚೀಟಿ ಬರೆದರು. ಸೊಂಟಕ್ಕೆ ಹಳೆಯ ಗುಳಿಗೆ. ಕಲೆಗಳಿಗೆ ಮುಲಾಮು. ಉಗುರು ಕತ್ತರಿಸುವುದು.

ಆಪರೇಶನ್ ಅಂದೇ ನೆರವೇರಿತು. ಮನೆಯ ಕಟ್ಟೆಯ ಮೇಲೆ, ಹೆಂಡತಿಯ ಕೈಯಿಂದ, ನೇಲ್ ಕಟರಿನಲ್ಲಿ. ನಾನು ಕಣ್ಣು ಮುಚ್ಚಿಕೊಂಡಿದ್ದೆ!